ಇಎ ಖರೀದಿಗೆ ಸರ್ಕಾರಗಳು ಒಪ್ಪುವವರೆಗೆ ಗೇಮಿಂಗ್ ಪಾರ್ಲರ್‌ಗೆ ಪಿಎಸ್5 ಕೊಳ್ಳದೆ ಕಾಯಬೇಕಾ?

ಕಾಯಬೇಡಿ. ನೀವು ಚಿತ್ರದುರ್ಗದ ಬಿ.ಡಿ. ರಸ್ತೆಯಲ್ಲಿ ಪಾರ್ಲರ್ ತೆರೆಯಲು ಹೊರಟಿದ್ದೀರಿ. ಇಎ, ಅಂದರೆ ಎಲೆಕ್ಟ್ರಾನಿಕ್ ಆರ್ಟ್ಸ್ ಅನ್ನುವ ಗೇಮ್ ಕಂಪನಿ, ಮಾರಾಟವಾದರೆ ಅದರ ಫುಟ್‌ಬಾಲ್ ಗೇಮ್ ಸೋನಿಯ ಪ್ಲೇಸ್ಟೇಷನ್ (ಪಿಎಸ್) ಮಷಿನ್‌ನಿಂದ ಹೋಗಿಬಿಡುತ್ತದೇನೋ ಅಂತ ಹೆದರಿದ್ದೀರಿ. ಇದೇ ಹೆದರಿಕೆ ನನಗೆ 2022ರ ಡಿಸೆಂಬರ್‌ನಲ್ಲಿ ಹತ್ತಿಕೊಂಡಿತ್ತು. ಅದಕ್ಕೆ ನಾನು ಕಳೆದುಕೊಂಡಿದ್ದು ಹತ್ತಿರ ಹತ್ತಿರ ಒಂದು ಲಕ್ಷ ರೂಪಾಯಿ.

ದಾವಣಗೆರೆಯಲ್ಲಿ ಶಾಮನೂರು ರಸ್ತೆಯಿಂದ ಸ್ವಲ್ಪ ಒಳಗೆ, ಒಂದು ಜೆರಾಕ್ಸ್ ಅಂಗಡಿಯ ಮೇಲೆ ನನ್ನ ಪಾರ್ಲರ್. ಆಗ ನಾಲ್ಕು ಟಿವಿ ಇದ್ದವು. ಮೂರಕ್ಕೆ ಪಿಎಸ್4, ಒಂದಕ್ಕೆ ಪಿಎಸ್5. ಇಂಜಿನಿಯರಿಂಗ್ ಕಾಲೇಜಿನ ಹುಡುಗರು, ಪಿಯುಸಿ ಹುಡುಗರು ಬರುತ್ತಿದ್ದರು. ಗಂಟೆಗೆ 60 ರೂಪಾಯಿ, ಪಿಎಸ್5ಗೆ 100. ಭಾನುವಾರ ಮೂರೂವರೆ ಸಾವಿರದವರೆಗೆ ಆಗುತ್ತಿತ್ತು. ಮಿರ್ಚಿ ತಿಂದ ಕೈಯಲ್ಲೇ ಕಂಟ್ರೋಲರ್ ಹಿಡಿಯುತ್ತಾರೆ ಅನ್ನೋದೇ ನನ್ನ ದೊಡ್ಡ ತಲೆನೋವಾಗಿತ್ತು. ಒರೆಸುವ ಬಟ್ಟೆ, ಸ್ಯಾನಿಟೈಸರ್ ಈಗಲೇ ಜಾಸ್ತಿ ತಂದಿಟ್ಟುಕೊಳ್ಳಿ.

2022ರ ಜನವರಿ 18ರಂದು ಮೈಕ್ರೋಸಾಫ್ಟ್, ಆಕ್ಟಿವಿಷನ್ ಬ್ಲಿಝಾರ್ಡ್ ಅನ್ನುವ ಗೇಮ್ ಕಂಪನಿಯನ್ನು 6,870 ಕೋಟಿ ಡಾಲರ್‌ಗೆ ಕೊಳ್ಳುತ್ತೇನೆ ಅಂತ ಪ್ರಕಟಿಸಿತು. ಕಾಲ್ ಆಫ್ ಡ್ಯೂಟಿ ಅನ್ನುವ ಶೂಟಿಂಗ್ ಗೇಮ್ ಆಕ್ಟಿವಿಷನ್‌ನದು. ಪ್ಲೇಸ್ಟೇಷನ್‌ಗೆ ಎದುರಾಳಿ ಮಷಿನ್ ಎಕ್ಸ್‌ಬಾಕ್ಸ್ ಮೈಕ್ರೋಸಾಫ್ಟ್‌ನದು. ಆಗ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಡಿಸೆಂಬರ್ 8ರಂದು ಅಮೆರಿಕದಲ್ಲಿ ವ್ಯಾಪಾರದ ಸ್ಪರ್ಧೆ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್, ಅಂದರೆ ಎಫ್‌ಟಿಸಿ, ಈ ಖರೀದಿ ತಡೆಯಲು ದಾವೆ ಹಾಕಿತು. ಆ ದೂರಿನ ಸಾರ ಓದಿದ ರಾತ್ರಿ ನಿದ್ದೆ ಬರಲಿಲ್ಲ.

ಅದರಲ್ಲಿ ಇದ್ದದ್ದು ಇಷ್ಟು. ಆಕ್ಟಿವಿಷನ್ ಕೈಗೆ ಬಂದರೆ ಮೈಕ್ರೋಸಾಫ್ಟ್ ಅದರ ಗೇಮ್‌ಗಳನ್ನು ಪ್ಲೇಸ್ಟೇಷನ್‌ಗೆ ಕೊಡದೇ ಇರಬಹುದು, ಅಥವಾ ಕಳಪೆಯಾಗಿ ಕೊಡಬಹುದು. ಹಾಗೆ ಮಾಡುವ ಶಕ್ತಿಯೂ ಅದಕ್ಕೆ ಬರುತ್ತದೆ, ಆಸೆಯೂ ಹುಟ್ಟುತ್ತದೆ. ಇದಕ್ಕೆ ಉದಾಹರಣೆಯಾಗಿ ಝೆನಿಮ್ಯಾಕ್ಸ್ ಅನ್ನುವ ಗೇಮ್ ಕಂಪನಿಯ ಕಥೆ ಕೊಟ್ಟಿದ್ದರು. ಆ ಕಂಪನಿಯನ್ನು ಮೈಕ್ರೋಸಾಫ್ಟ್ 750 ಕೋಟಿ ಡಾಲರ್‌ಗೆ ಕೊಂಡು, ಆಮೇಲೆ ಸ್ಟಾರ್‌ಫೀಲ್ಡ್ ಗೇಮನ್ನು ಪ್ಲೇಸ್ಟೇಷನ್‌ಗೆ ಇಲ್ಲ ಅಂತ ಮಾಡಿಕೊಂಡಿತ್ತು. ನನಗೆ ಇಷ್ಟು ಸಾಕಾಯಿತು. ಅಮೆರಿಕದ ಸರ್ಕಾರವೇ ಹೇಳುತ್ತಿದೆ ಅಂದಮೇಲೆ ಇನ್ನೇನು ಬೇಕು?

2023ರ ಸಂಕ್ರಾಂತಿ ಮುಗಿದ ವಾರ ನಾಲ್ಕೂ ಮಷಿನ್ ಮಾರಿದೆ. ಜೊತೆಗೆ ನಲವತ್ತು ಚಿಲ್ಲರೆ ಡಿಸ್ಕ್‌ಗಳನ್ನೂ ಕೊಟ್ಟುಬಿಟ್ಟೆ. ಆಗ ಪಿಎಸ್5 ಸುಲಭಕ್ಕೆ ಸಿಗುತ್ತಿರಲಿಲ್ಲ. ಹಾಗಾಗಿ ಒಳ್ಳೆ ಬೆಲೆ ಬಂತು, ಎಲ್ಲ ಸೇರಿ 1,10,000. ನಾನೇ ಜಾಣ ಅಂದುಕೊಂಡೆ. ಕೈಯಿಂದ ಇನ್ನೂ 22 ಸಾವಿರ ಹಾಕಿ ನಾಲ್ಕು ಎಕ್ಸ್‌ಬಾಕ್ಸ್ ಸೀರೀಸ್ ಎಸ್ ತಂದೆ. ಹೊರಗೆ ಹಸಿರು ಬಣ್ಣದ ಬೋರ್ಡ್ ಬೇರೆ ಹಾಕಿಸಿದೆ.

ಮೊದಲ ಭಾನುವಾರವೇ ಗೊತ್ತಾಯಿತು. ಸೀರೀಸ್ ಎಸ್‌ಗೆ ಡಿಸ್ಕ್ ಹಾಕುವ ಜಾಗವೇ ಇಲ್ಲ. ಪಾರ್ಲರ್ ಬದುಕುವುದೇ ಸೆಕೆಂಡ್ ಹ್ಯಾಂಡ್ ಡಿಸ್ಕ್ ಮೇಲೆ ಅಲ್ವಾ? ಇನ್ನೊಂದು ನಾನು ಕನಸಲ್ಲೂ ಎಣಿಸದ ತೊಂದರೆ. ಪ್ಲೇಸ್ಟೇಷನ್ ಕಂಟ್ರೋಲರ್‌ನಲ್ಲಿ ಎಕ್ಸ್ ಬಟನ್ ಕೆಳಗಿದೆ. ಎಕ್ಸ್‌ಬಾಕ್ಸ್‌ನಲ್ಲಿ ಆ ಜಾಗದಲ್ಲಿ ಎ ಇದೆ, ಎಕ್ಸ್ ಎಡಕ್ಕೆ ಹೋಗಿದೆ. "ಎಕ್ಸ್ ಒತ್ತೋ, ಪಾಸ್ ಕೊಡೋ" ಅಂತ ಒಬ್ಬ ಕೂಗುತ್ತಾನೆ. ಇನ್ನೊಬ್ಬ ಕಣ್ಣಿಟ್ಟು ಎಕ್ಸ್ ಒತ್ತುತ್ತಾನೆ. ಬಾಲ್ ಗಾಳಿಯಲ್ಲಿ ಹಾರಿ ಎಲ್ಲೋ ಬೀಳುತ್ತದೆ. ಬೈಗುಳ ಮಾತ್ರ ನನಗೆ. "ಅಣ್ಣಾ, ಹಳೇದು ಎಲ್ಲಿ ಹೋಯ್ತು?" ಅಂತ ಎರಡು ತಿಂಗಳು ಕೇಳಿದರು. ಆಮೇಲೆ ಕೇಳುವುದನ್ನೂ ನಿಲ್ಲಿಸಿದರು, ಬರುವುದನ್ನೂ. ಭಾನುವಾರದ ಗಲ್ಲಾ ಎರಡು ಸಾವಿರಕ್ಕಿಂತ ಕೆಳಗೆ ಇಳಿಯಿತು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಬೇಸರ ಮಾಡಿಕೊಳ್ಳಬೇಡಿ. ಎಕ್ಸ್‌ಬಾಕ್ಸ್ ಕೆಟ್ಟ ಮಷಿನ್ ಅಂತ ನಾನು ಹೇಳುತ್ತಿಲ್ಲ. ಖರೀದಿ ನಡೆಯುತ್ತದೋ ಇಲ್ಲವೋ ಅಂತ ನಾನು ಮಾಡಿದ ಊಹೆಯೂ ತಪ್ಪಾಗಲಿಲ್ಲ. ನಡೆಯುತ್ತದೆ ಅಂದುಕೊಂಡಿದ್ದೆ, ನಡೆಯಿತು. ತಪ್ಪು ಆ ದೂರನ್ನು ಓದಿದ ರೀತಿಯಲ್ಲಿತ್ತು.

ನಮ್ಮಪ್ಪ ಬಾಂಡ್ ರೈಟರ್. ಮೂವತ್ತು ವರ್ಷ ಸಬ್ ರಿಜಿಸ್ಟ್ರಾರ್ ಆಫೀಸಿನ ಮುಂದೆ ಟೇಬಲ್ ಹಾಕಿಕೊಂಡು ಕೂತವರು. ಕಾಲ್ ಆಫ್ ಡ್ಯೂಟಿ ಅಂದರೆ ಅವರಿಗೆ ಪೊಲೀಸ್ ಇಲಾಖೆಯ ವಿಷಯ. ನಾನು ಗೋಳು ಹೇಳಿಕೊಂಡಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ದಾರಿ ಮುಚ್ತಾನೆ ಅಂತ ಪಕ್ಕದ ಹೊಲದವನು ತಕರಾರು ಹಾಕಿದಾನೆ. ಸರಿ. ಕೊಳ್ಳೋನು ಏನು ಬರ್ಕೊಟ್ಟಿದಾನೆ?"

ನಾನು ಅದನ್ನು ನೋಡಿಯೇ ಇರಲಿಲ್ಲ.

ಹೊಲ ಮಾರುವಾಗ ಪಕ್ಕದವನು ತಕರಾರು ಹಾಕುತ್ತಾನೆ ಅಂತಿಟ್ಟುಕೊಳ್ಳಿ. ಇವನು ಬಂದರೆ ನನ್ನ ಬಾವಿಗೆ ಹೋಗುವ ದಾರಿ ಮುಚ್ಚುತ್ತಾನೆ ಅಂತ. ಹಾಗಂತ ದಾರಿ ಮುಚ್ಚಿಹೋಯಿತು ಅಂತ ಅರ್ಥವೇ? ಅಲ್ಲ. ತಕರಾರು ಬಿದ್ದಿದ್ದಕ್ಕೇ ಕೊಳ್ಳುವವನು ಗಡಿಬಿಡಿಯಲ್ಲಿ ದಾರಿ ಬಿಡುತ್ತೇನೆ ಅಂತ ಬರೆದುಕೊಡುತ್ತಾನೆ. ಯಾರೂ ತಕರಾರು ಹಾಕದ ಹೊಲದಲ್ಲೇ ದಾರಿಗೆ ಬೇಲಿ ಬೀಳುವುದು ಜಾಸ್ತಿ.

ಝೆನಿಮ್ಯಾಕ್ಸ್ ವಿಷಯದಲ್ಲಿ ಆಗಿದ್ದು ಅದೇ. 2021ರ ಮಾರ್ಚ್‌ನಲ್ಲಿ ಯುರೋಪಿಯನ್ ಕಮಿಷನ್, ಅಂದರೆ ಯುರೋಪ್ ಒಕ್ಕೂಟದ ಆಡಳಿತ ಸಂಸ್ಥೆ, ಆ ಖರೀದಿಗೆ ಯಾವ ಷರತ್ತೂ ಹಾಕದೆ ಒಪ್ಪಿಗೆ ಕೊಟ್ಟಿತ್ತು. ಲಿಖಿತವಾಗಿ ಯಾರೂ ಏನೂ ಕಟ್ಟಿಹಾಕಿರಲಿಲ್ಲ. ಆಮೇಲೆ ಗೇಮ್‌ಗಳು ಒಂದೇ ಕಡೆ ಹೋದವು. ಆಕ್ಟಿವಿಷನ್ ವಿಷಯದಲ್ಲಿ ಜಗತ್ತೇ ಎದ್ದು ನಿಂತಿತ್ತು. ಹಾಗಾಗಿ ಮೈಕ್ರೋಸಾಫ್ಟ್ ಸಿಕ್ಕವರಿಗೆಲ್ಲ, ಗೇಮ್ ಕೊಡುತ್ತೇನೆ ಅಂತ ಹತ್ತು ವರ್ಷದ ಕರಾರು ಕೊಡುತ್ತಾ ಹೋಯಿತು. 2023ರ ಫೆಬ್ರವರಿಯಲ್ಲಿ ನಿಂಟೆಂಡೊ ಜೊತೆ ಹತ್ತು ವರ್ಷ, ಅದೇ ತಿಂಗಳು ಎನ್‌ವಿಡಿಯಾ ಜೊತೆ ಹತ್ತು ವರ್ಷ. ಸೋನಿಗೂ ಕೊಡುತ್ತೇನೆ ಅಂದಿತ್ತು, ಸೋನಿ ಸಹಿ ಹಾಕದೆ ಎಳೆದಾಡುತ್ತಿತ್ತು. ಇದೆಲ್ಲ ಪೇಪರ್‌ನಲ್ಲಿ ಬರುತ್ತಿತ್ತು. ನನ್ನ ಕಣ್ಣಿಗೆ ಬಿದ್ದದ್ದು ದೂರು ಮಾತ್ರ. ದೂರನ್ನು ತೀರ್ಪು ಅಂತ ಓದಿದೆ. ಕಂಪನಿ ಹೀಗೆ ಮಾಡಬಹುದು ಅಂತ ಒಂದು ಸಂಸ್ಥೆ ಪಡುವ ಭಯವನ್ನು, ಕಂಪನಿಯ ಪ್ಲಾನ್ ಅಂತ ಓದಿದೆ. ತನಿಖೆ ಬಿಗಿಯಾದಷ್ಟೂ ಗೇಮ್ ಪ್ಲೇಸ್ಟೇಷನ್‌ನಲ್ಲಿ ಉಳಿಯುವ ಸಾಧ್ಯತೆ ಜಾಸ್ತಿಯಾಗುತ್ತಿತ್ತು. ನಾನು ಅದನ್ನು ತಲೆಕೆಳಗಾಗಿ ಹಿಡಿದು ಮಷಿನ್ ಮಾರಿದೆ. ಇದನ್ನು ಎಷ್ಟು ಸಲ ಹೇಳಿಕೊಂಡರೂ ನನಗೆ ಸಮಾಧಾನವಿಲ್ಲ.

ಮಾರ್ಚ್ 24ಕ್ಕೆ ಮೊದಲ ಏಟು ಬಿತ್ತು. ಬ್ರಿಟನ್ನಿನ ಸಿಎಂಎ, ಅಂದರೆ ಅಲ್ಲಿನ ಸ್ಪರ್ಧೆ ಮತ್ತು ಮಾರುಕಟ್ಟೆ ಪ್ರಾಧಿಕಾರ, ಫೆಬ್ರವರಿಯಲ್ಲಿ ನನ್ನ ಹಾಗೇ ಯೋಚಿಸಿತ್ತು. ಆವತ್ತು ಮಾತು ಬದಲಿಸಿತು. ಹೊಸ ಲೆಕ್ಕ ನೋಡಿದರೆ, ಕಾಲ್ ಆಫ್ ಡ್ಯೂಟಿಯನ್ನು ಪ್ಲೇಸ್ಟೇಷನ್‌ನಿಂದ ಕಿತ್ತರೆ ಮೈಕ್ರೋಸಾಫ್ಟ್‌ಗೇ ದೊಡ್ಡ ನಷ್ಟ, ಹಾಗಾಗಿ ಕೀಳುವುದಿಲ್ಲ ಅಂತ. ಅಂಗಡಿಯವನಿಗೆ ಹೊಳೆಯಬೇಕಾದ ಲೆಕ್ಕ ಅದು. ಗಿರಾಕಿ ಎಲ್ಲಿದ್ದಾನೋ ಅಲ್ಲಿ ಮಾಲು ಮಾರುತ್ತಾರೆ. ಮಂಡಿಪೇಟೆಯಲ್ಲಿ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು.

ಏಪ್ರಿಲ್ 26ಕ್ಕೆ ಅದೇ ಸಿಎಂಎ ಖರೀದಿಯನ್ನೇ ತಡೆಯಿತು. ಕಾರಣ ಬೇರೆ: ಕ್ಲೌಡ್ ಗೇಮಿಂಗ್. ಮಷಿನ್ ಇಲ್ಲದೆ ಇಂಟರ್ನೆಟ್ ಮೂಲಕವೇ ಆಡುವುದು. ಮೈಕ್ರೋಸಾಫ್ಟ್‌ನ ಆ ಸೇವೆ ಆಗ ನಮ್ಮ ದೇಶದಲ್ಲೇ ಇರಲಿಲ್ಲ. ನಾನು ಹಣ ಹಾಕಿದ ಕಾರಣಕ್ಕೂ ಜಗಳದ ಕಾರಣಕ್ಕೂ ಸಂಬಂಧವೇ ಉಳಿಯಲಿಲ್ಲ. ಮೇ 15ಕ್ಕೆ ಯುರೋಪಿಯನ್ ಕಮಿಷನ್ ಹತ್ತು ವರ್ಷದ ಕ್ಲೌಡ್ ಷರತ್ತು ಹಾಕಿ ಒಪ್ಪಿತು. ಒಬ್ಬರು ಬೇಡ ಅಂದದ್ದನ್ನೇ ಇನ್ನೊಬ್ಬರು ಷರತ್ತು ಹಾಕಿ ಸರಿ ಅಂದರು. ಇಂಥದ್ದನ್ನು ನಾವು ಇಲ್ಲಿ ಕೂತು ಊಹಿಸಿ ಮಷಿನ್ ಕೊಳ್ಳುತ್ತೇವಾ?

ಜೂನ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕೋರ್ಟಿನಲ್ಲಿ ವಿಚಾರಣೆ ನಡೆಯಿತು. ಎಕ್ಸ್‌ಬಾಕ್ಸ್ ಮುಖ್ಯಸ್ಥ ಫಿಲ್ ಸ್ಪೆನ್ಸರ್ ಪ್ರಮಾಣ ಮಾಡಿ, ಗೇಮ್ ಪ್ಲೇಸ್ಟೇಷನ್‌ನಲ್ಲಿ ಇರುತ್ತದೆ ಅಂದರು. ಅಲ್ಲೇ ಒಂದು ಹಳೆ ಇಮೇಲ್ ಹೊರಬಿತ್ತು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಪ್ಲೇಸ್ಟೇಷನ್ ಮುಖ್ಯಸ್ಥ ಜಿಮ್ ರಯಾನ್ 2022ರ ಜನವರಿಯಲ್ಲೇ, ಇದು ಎಕ್ಸ್‌ಬಾಕ್ಸ್‌ಗೆ ಮಾತ್ರ ಗೇಮ್ ಇಟ್ಟುಕೊಳ್ಳುವ ಆಟವಲ್ಲ, ಇನ್ನೂ ಬಹಳ ವರ್ಷ ಕಾಲ್ ಆಫ್ ಡ್ಯೂಟಿ ನಮ್ಮಲ್ಲಿರುತ್ತದೆ ಅಂತ ಬರೆದಿದ್ದರು. ಜಗತ್ತಿನ ಮುಂದೆ ಅಳುತ್ತಿದ್ದವರಿಗೆ ಒಳಗೊಳಗೆ ಗೊತ್ತಿತ್ತು. ಗೊತ್ತಿಲ್ಲದೆ ಮಾರಿದವನು ಶಾಮನೂರು ರಸ್ತೆಯ ನಾನು.

ಜುಲೈ 11ರಂದು ನ್ಯಾಯಾಧೀಶೆ ಜಾಕ್ವೆಲಿನ್ ಸ್ಕಾಟ್ ಕಾರ್ಲಿ ಅವರ ಆದೇಶ ಹೊರಬಂತು. ಎಫ್‌ಟಿಸಿ ಕೇಳಿದ ತಡೆ ಸಿಗಲಿಲ್ಲ. ಇಷ್ಟು ದೊಡ್ಡ ಖರೀದಿಗೆ ತನಿಖೆ ಬೇಕಿತ್ತು, ಆ ತನಿಖೆ ಫಲ ಕೊಟ್ಟಿದೆ, ಹತ್ತು ವರ್ಷ ಗೇಮ್ ಪ್ಲೇಸ್ಟೇಷನ್‌ನಲ್ಲಿ ಇಡುತ್ತೇವೆ ಅಂತ ಕಂಪನಿ ಬರೆದುಕೊಟ್ಟಿದೆ ಅನ್ನುವ ಅರ್ಥದ ಮಾತು ಅದರಲ್ಲಿತ್ತು. ಅಪ್ಪನಿಗೆ ಓದಿ ಹೇಳಿದೆ. "ಇದನ್ನೇ ಅಲ್ವೇನೋ ನಾನು ಕೇಳಿದ್ದು" ಅಂದು ಟಿವಿ ಕಡೆ ತಿರುಗಿದರು. ಐದು ದಿನಕ್ಕೆ ಸೋನಿಯೂ ಸಹಿ ಹಾಕಿತು. ಕ್ಲೌಡ್ ಹಕ್ಕನ್ನು ಯೂಬಿಸಾಫ್ಟ್ ಅನ್ನುವ ಇನ್ನೊಂದು ಗೇಮ್ ಕಂಪನಿಗೆ ಬಿಟ್ಟುಕೊಡುವ ಹೊಸ ಒಪ್ಪಂದ ತಂದ ಮೇಲೆ ಬ್ರಿಟನ್ ಕೂಡ ಒಪ್ಪಿ, 2023ರ ಅಕ್ಟೋಬರ್ 13ಕ್ಕೆ ಖರೀದಿ ಮುಗಿಯಿತು. ಘೋಷಣೆಯಿಂದ ಲೆಕ್ಕ ಹಾಕಿದರೆ 21 ತಿಂಗಳು. ನೀವು ಕಾಯುತ್ತೇನೆ ಅನ್ನುತ್ತೀರಲ್ಲ, ಅಷ್ಟು ದಿನ ಬಾಡಿಗೆ ಯಾರು ಕಟ್ಟುತ್ತಾರೆ?

ನಾನು ಆಗಸ್ಟ್‌ನಲ್ಲೇ ಎರಡು ಪಿಎಸ್5 ವಾಪಸ್ ತಂದೆ. ಎರಡು ಸೀರೀಸ್ ಎಸ್ ತಲಾ 22 ಸಾವಿರಕ್ಕೆ ಹೋದವು. ಡಿಸ್ಕ್ ಮತ್ತೆ ಕೂಡಿಸಬೇಕಾಯಿತು.

ಅದೆಲ್ಲ ಆದಮೇಲೆ ಒಂದು ದಿನ ಹಳೆ ಬುಕ್ ತೆಗೆದು ನೋಡಿದೆ. ಯಾವ ಗೇಮ್ ಎಷ್ಟು ಗಂಟೆ ಆಡಿದರು ಅಂತ ಬರೆದಿಡುವ ಬುಕ್. ಹತ್ತು ಗಂಟೆಯಲ್ಲಿ ಆರು ಗಂಟೆ ಫುಟ್‌ಬಾಲ್. ಆಮೇಲೆ ಕುಸ್ತಿ, ಟೆಕ್ಕನ್, ಜಿಟಿಎ. ಕಾಲ್ ಆಫ್ ಡ್ಯೂಟಿ ಆಡುತ್ತಿದ್ದವರು ಹಾಸ್ಟೆಲ್‌ನ ಮೂರೇ ಹುಡುಗರು! ಆ ಮೂವರಿಗಾಗಿ ಇಡೀ ಅಂಗಡಿ ತಿರುಗಿಸಿದ್ದೆ. ಅವರೂ ಆ ಜೂನ್‌ನಲ್ಲಿ ಕೋರ್ಸ್ ಮುಗಿಸಿ ಊರು ಬಿಟ್ಟರು.

ಇನ್ನು ನಿಮ್ಮ ಇಎ. 2025ರ ಸೆಪ್ಟೆಂಬರ್ 29ರಂದು ಘೋಷಣೆಯಾಯಿತು, 5,500 ಕೋಟಿ ಡಾಲರ್. ಕೊಳ್ಳುವವರು ಸೌದಿ ಅರೇಬಿಯಾದ ಪಬ್ಲಿಕ್ ಇನ್‌ವೆಸ್ಟ್‌ಮೆಂಟ್ ಫಂಡ್, ಸಿಲ್ವರ್ ಲೇಕ್, ಅಫಿನಿಟಿ ಪಾರ್ಟ್‌ನರ್ಸ್ ಅನ್ನುವ ಹೂಡಿಕೆ ಸಂಸ್ಥೆಗಳು. ನೀವು ಕೇಳಿದ್ದು ಸರ್ಕಾರಗಳು ಒಪ್ಪುತ್ತವಾ ಅಂತ. ನನ್ನ ಪ್ರಕಾರ ಆ ಪ್ರಶ್ನೆಯೇ ನಿಮ್ಮದಲ್ಲ. ಈ ಮೂವರಲ್ಲಿ ಯಾರ ಹತ್ತಿರವೂ ಸ್ವಂತ ಗೇಮಿಂಗ್ ಮಷಿನ್ ಇಲ್ಲ. ಪ್ಲೇಸ್ಟೇಷನ್‌ನಿಂದ ಗೇಮ್ ಕಿತ್ತು ಅವರು ಎಲ್ಲಿಗೆ ಒಯ್ಯುತ್ತಾರೆ? ಮೇಲಾಗಿ ಇದರಲ್ಲಿ 2,000 ಕೋಟಿ ಡಾಲರ್ ಸಾಲ ಇದೆ. ಸಾಲ ತೀರಿಸಬೇಕಾದವನು ಅಂಗಡಿ ಬಾಗಿಲು ಮುಚ್ಚುವುದಿಲ್ಲ, ರೇಟು ಏರಿಸುತ್ತಾನೆ. ಹೆದರುವುದಾದರೆ ಗೇಮ್ ಒಳಗೆ ದುಡ್ಡು ಕೇಳುವುದು ಹೆಚ್ಚಾಗುತ್ತದೆ ಅಂತ ಹೆದರಿ. ಅದು ಪಾರ್ಲರ್‌ಗಿಂತ ಮನೆಯಲ್ಲಿ ಆಡುವ ಹುಡುಗರಿಗೆ ಹೆಚ್ಚು ತಟ್ಟುತ್ತದೆ. ಇಬ್ಬರು ಪಕ್ಕ ಪಕ್ಕ ಕೂತು ಮ್ಯಾಚ್ ಆಡುವುದಕ್ಕೆ ಅದೇನೂ ಬೇಕಾಗುವುದಿಲ್ಲ.

2023ರಲ್ಲಿ ಫಿಫಾ ಅನ್ನುವ ಹೆಸರು ಹೋಗಿ ಇಎ ಸ್ಪೋರ್ಟ್ಸ್ ಎಫ್‌ಸಿ ಆಯಿತಲ್ಲ. ನನ್ನಲ್ಲಿಗೆ ಬರುವ ಹುಡುಗರು ಈಗಲೂ "ಅಣ್ಣಾ, ಫಿಫಾ ಹಾಕು" ಅಂತಲೇ ಕೇಳುತ್ತಾರೆ. ಮಾಲೀಕ ಯಾರು ಅಂತ ಒಬ್ಬನೂ ಕೇಳಿಲ್ಲ.

ಡಿಸ್ಕ್ ಹಾಕುವ ಪಿಎಸ್5 ಎರಡು, ಸೆಕೆಂಡ್ ಹ್ಯಾಂಡ್ ಪಿಎಸ್4 ಎರಡು. ಅಷ್ಟರಲ್ಲಿ ಶುರು ಮಾಡಿ. ಉಳಿದ ಹಣದಲ್ಲಿ ಯುಪಿಎಸ್ ಹಾಕಿಸಿ. ಮಳೆಗಾಲದಲ್ಲಿ ಕರೆಂಟ್ ಹೋಗಿ 89ನೇ ನಿಮಿಷದ ಮ್ಯಾಚ್ ಅಳಿಸಿಹೋದರೆ, ಆ ಜಗಳಕ್ಕೆ ಯಾವ ದೇಶದ ಕಮಿಷನ್ನೂ ಬರುವುದಿಲ್ಲ. ಮೊದಲ ದಿನದಿಂದಲೇ ಬುಕ್ ಬರೆಯಿರಿ, ಯಾವ ಗೇಮ್ ಎಷ್ಟು ಗಂಟೆ ಅಂತ.

ಅಂದಹಾಗೆ ನನ್ನ ಹತ್ತಿರ ಇನ್ನೂ ಎರಡು ಸೀರೀಸ್ ಎಸ್ ಉಳಿದಿವೆ. ಒಂದನ್ನು ಅಕ್ಕನ ಮಗ ಆಡುತ್ತಾನೆ. ಇನ್ನೊಂದು ಬಾಕ್ಸ್ ಸಮೇತ ಅಟ್ಟದ ಮೇಲಿದೆ. ಕಡಿಮೆಗೆ ಕೊಡುತ್ತೇನೆ ಅಂತ ನಿಮಗೆ ಹೇಳೋಣ ಅನ್ನಿಸಿತು, ಆದರೆ ಇಷ್ಟೆಲ್ಲ ಬರೆದಮೇಲೆ ನೀವು ತಗೊಳ್ಳಲ್ಲ ಬಿಡಿ.