ಹಳೇ ಡೆಸ್ಕ್‌ಟಾಪ್‌ಗೆ ವೈರ್ ಹಾಕಿದರೂ ನೆಟ್ ನಿಧಾನ, ಮದರ್‌ಬೋರ್ಡ್ ಬದಲಿಸಬೇಕಾ?

ಈಗಲೇ ಬದಲಿಸಬೇಡಿ. ನೀವು ಬರೆದಿರುವುದು ಇಷ್ಟು: ಮನೆಗೆ 150 ಎಂಬಿಪಿಎಸ್ ಫೈಬರ್ ಇದೆ. ಮೊಬೈಲ್‌ನಲ್ಲಿ ವೈಫೈ ಮೇಲೆ 140 ಬರುತ್ತದೆ. ಅಪ್ಪನ 2010ರ ಡೆಸ್ಕ್‌ಟಾಪ್‌ಗೆ ವೈರ್ ಎಳೆದಿದ್ದರೂ 6-8 ದಾಟುವುದಿಲ್ಲ. ಪಿಸಿ ಹಳೇದು, ಬೋರ್ಡ್ ಬದಲಿಸಿ ಅಂತ ಅಂಗಡಿಯವರು ಹೇಳಿದ್ದಾರೆ. ನನಗೇನೋ ಬೋರ್ಡ್ ಮೇಲೆ ಅನುಮಾನ ಬರುತ್ತಿಲ್ಲ. ನಾನೂ ಇದೇ ಪಾಡು ಪಟ್ಟಿದ್ದೇನೆ, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಮೊದಲು ಒಂದು ನಂಬರ್ ನೋಡಿ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ನೆಟ್‌ವರ್ಕ್ ಕನೆಕ್ಷನ್ಸ್ ತೆರೆದು, ಈಥರ್ನೆಟ್ ಮೇಲೆ ಎರಡು ಸಲ ಕ್ಲಿಕ್ ಮಾಡಿ. ಸ್ಟೇಟಸ್ ಕಿಟಕಿಯಲ್ಲಿ ಸ್ಪೀಡ್ ಅಂತ ಒಂದು ಸಾಲು ಇರುತ್ತದೆ. ಅದು ಇಂಟರ್ನೆಟ್ ವೇಗ ಅಲ್ಲ. ನಿಮ್ಮ ಕಂಪ್ಯೂಟರ್ ಮತ್ತು ರೂಟರ್ ತಮ್ಮತಮ್ಮಲ್ಲಿ ಒಪ್ಪಿಕೊಂಡ ವೇಗ. ಅಲ್ಲಿ 10 ಎಂಬಿಪಿಎಸ್ ಅಂತ ಇದ್ದರೆ ನಿಮ್ಮ 6-8ರ ಲೆಕ್ಕ ಅಲ್ಲೇ ಸಿಕ್ಕಿತು. 100 ಅಂತ ಇದ್ದರೆ ಸ್ಪೀಡ್ ಟೆಸ್ಟ್‌ನಲ್ಲಿ 94ರ ಆಸುಪಾಸು ಬರಬೇಕು. ಅದಕ್ಕಿಂತ ತೀರಾ ಕಡಿಮೆ ಬಂದರೆ ದಾರಿಯಲ್ಲಿ ಎಲ್ಲೋ ಡೇಟಾ ಹಾಳಾಗುತ್ತಿದೆ ಅಂತ ಅರ್ಥ.

ಈಗ ನನ್ನ ಕಥೆ. ತಿಪಟೂರಿನಲ್ಲಿ ನಮ್ಮ ಮಾವನ ಕೊಬ್ಬರಿ ಮಂಡಿ ಇದೆ. ಬಿಲ್ಲು, ಜಿಎಸ್‌ಟಿ ಎಲ್ಲ ಹಿಂದಿನ ರೂಮಿನಲ್ಲಿರುವ ಒಂದು ಹಳೇ ಕೋರ್ 2 ಡ್ಯುಯೋ ಕಂಪ್ಯೂಟರ್‌ನಲ್ಲಿ. ರೂಟರ್ ಮುಂದೆ ಗಲ್ಲಾಪೆಟ್ಟಿಗೆ ಹತ್ತಿರ. ನಡುವೆ ಗೋಡೆ ಕೊರೆದು 20 ಮೀಟರ್ ಕೇಬಲ್ ಎಳೆಸಿದ್ದರು. ರಿಟರ್ನ್ ಫೈಲ್ ಮಾಡುವ ದಿನ ಪೇಜೇ ತೆರೆಯುತ್ತಿರಲಿಲ್ಲ. ‘ಡಬ್ಬಾ ಹಳೇದಾಯ್ತಪ್ಪ, ಹೊಸದು ನೋಡು’ ಅಂದರು ಮಾವ. ನಾನೂ ಹೂಂ ಅಂದುಬಿಟ್ಟಿದ್ದೆ. ಆಮೇಲೆ ಯಾಕೋ ಮನಸ್ಸು ತಡೆಯದೆ ಅದೇ ವೈರನ್ನು ನನ್ನ ಲ್ಯಾಪ್‌ಟಾಪ್‌ಗೆ ಚುಚ್ಚಿ ನೋಡಿದೆ. ಲ್ಯಾಪ್‌ಟಾಪ್‌ನಲ್ಲೂ 3-4 ಅಷ್ಟೇ! ಆ ಡಬ್ಬಾವನ್ನೇ ಹೊತ್ತು ತಂದು ರೂಟರ್ ಪಕ್ಕ ಇಟ್ಟು, ಒಂದು ಮೀಟರ್ ವೈರ್ ಹಾಕಿದೆ. 94 ಬಂತು. ಅಲ್ಲಿಗೆ ಕಂಪ್ಯೂಟರ್‌ದು ಏನೂ ತಪ್ಪಿಲ್ಲ ಅಂತ ಖಾತ್ರಿಯಾಯಿತು.

ಕೇಬಲ್ ಹಾಕಿದ ಹುಡುಗ ಬಂದು ಟೆಸ್ಟರ್ ಹಚ್ಚಿ ತೋರಿಸಿದ. 1ರಿಂದ 8ರವರೆಗೆ ಎಲ್ಲ ಲೈಟೂ ಸಾಲಾಗಿ ಹತ್ತಿತು. ‘ಕೇಬಲ್ ಸರಿ ಇದೆ ಸಾರ್’ ಅಂದ. ಅವನು ಸುಳ್ಳು ಹೇಳಲಿಲ್ಲ. ಆದರೆ ಆ ಟೆಸ್ಟರ್ ನೋಡುವುದು ತಂತಿ ಈ ತುದಿಯಿಂದ ಆ ತುದಿಗೆ ತಲುಪಿದೆಯಾ ಅನ್ನುವುದನ್ನು ಮಾತ್ರ. ನಾನು ಕೇಬಲ್ ತುದಿಯ ಕನೆಕ್ಟರ್‌ನ್ನು ಟ್ಯೂಬ್‌ಲೈಟ್‌ಗೆ ಎದುರು ಹಿಡಿದು, ಪಾರದರ್ಶಕ ಪ್ಲಾಸ್ಟಿಕ್ ಒಳಗೆ ಬಣ್ಣ ಎಣಿಸಿದೆ. ಕಿತ್ತಳೆ-ಬಿಳಿ, ಕಿತ್ತಳೆ, ಹಸಿರು-ಬಿಳಿ, ಹಸಿರು, ನೀಲಿ-ಬಿಳಿ, ನೀಲಿ, ಕಂದು-ಬಿಳಿ, ಕಂದು. ನೋಡೋಕೆ ಎಷ್ಟು ಅಚ್ಚುಕಟ್ಟು ಅಲ್ವಾ? ತಪ್ಪಿರುವುದೇ ಅಲ್ಲಿ.

ಕೇಬಲ್ ಒಳಗಿನ ಎಂಟು ತಂತಿ ಎರಡೆರಡಾಗಿ ಹೆಣೆದುಕೊಂಡಿರುತ್ತವೆ. ಹಾಗೆ ಹೆಣೆದಿರುವುದರಿಂದಲೇ ಹೊರಗಿನ ಗದ್ದಲ ಒಳಗೆ ಬರುವುದಿಲ್ಲ. ಕನೆಕ್ಟರ್‌ನಲ್ಲಿ 1ರಿಂದ 8ರವರೆಗೆ ಪಿನ್ ಇರುತ್ತವೆ. 100 ಎಂಬಿಪಿಎಸ್ ಲಿಂಕ್ ಬಳಸುವುದು 1-2ನೇ ಪಿನ್ ಒಂದು ಜೋಡಿ, 3-6 ಇನ್ನೊಂದು ಜೋಡಿ. ಅಂದರೆ 3 ಮತ್ತು 6ರಲ್ಲಿ ಒಂದೇ ಹೆಣಿಗೆಯ ತಂತಿಗಳು ಇರಬೇಕು. ಆ ಹುಡುಗ ಬಣ್ಣ ಸಾಲಾಗಿ ಜೋಡಿಸಿದ್ದರಿಂದ 3ಕ್ಕೆ ಹಸಿರು-ಬಿಳಿ, 6ಕ್ಕೆ ನೀಲಿ ಬಂದಿತ್ತು. ಒಂದು ಒಂದು ಮನೆಯದು, ಇನ್ನೊಂದು ಇನ್ನೊಂದು ಮನೆಯದು. ಎರಡು ಮೀಟರ್ ವೈರ್‌ನಲ್ಲಾದರೆ ಹೇಗೋ ನಡೆದುಹೋಗುತ್ತದೆ. 20 ಮೀಟರ್ ಎಳೆದು, ಕರೆಂಟ್ ವೈರ್ ಪಕ್ಕದಲ್ಲೇ ಪೈಪ್ ಹಾಯಿಸಿದರೆ ಪ್ಯಾಕೆಟ್‌ಗಳು, ಅಂದರೆ ಡೇಟಾದ ತುಂಡುಗಳು, ದಾರಿಯಲ್ಲೇ ಬಿದ್ದುಹೋಗುತ್ತವೆ. ಎರಡೂ ತುದಿ ಕತ್ತರಿಸಿ ಸರಿಯಾದ ಕ್ರಮದಲ್ಲಿ ಹೊಸ ಕನೆಕ್ಟರ್ ಹಾಕಿಸಿದೆ: ಕಿತ್ತಳೆ-ಬಿಳಿ, ಕಿತ್ತಳೆ, ಹಸಿರು-ಬಿಳಿ, ನೀಲಿ, ನೀಲಿ-ಬಿಳಿ, ಹಸಿರು, ಕಂದು-ಬಿಳಿ, ಕಂದು. ಹತ್ತು ನಿಮಿಷದ ಕೆಲಸ. ಹಿಂದಿನ ರೂಮಿನಲ್ಲೂ 94 ಬಂತು. ಆ ಕಂಪ್ಯೂಟರ್ ಇವತ್ತಿಗೂ ಅಲ್ಲೇ ಓಡುತ್ತಿದೆ.

ಹಾಗಾಗಿ ನೀವೂ ಇದನ್ನೇ ಮಾಡಿ. ಕಂಪ್ಯೂಟರ್‌ನ್ನು ರೂಟರ್ ಹತ್ತಿರ ಒಯ್ದು, ಅಂಗಡಿಯಲ್ಲಿ ರೆಡಿಮೇಡ್ ಸಿಗುವ ಚಿಕ್ಕ ಕ್ಯಾಟ್ 5ಇ ಕೇಬಲ್ ಹಾಕಿ ಟೆಸ್ಟ್ ಮಾಡಿ. ವೇಗ ಬಂದರೆ ನಿಮ್ಮ ಉದ್ದದ ವೈರ್‌ದೇ ತಪ್ಪು. ಬರದಿದ್ದರೆ ರೂಟರ್‌ನ ಬೇರೆ ಪೋರ್ಟ್‌ಗೆ ಹಾಕಿ ನೋಡಿ. ಇನ್ನೊಂದು ಗುರುತು ಇದೆ. ಕಮಾಂಡ್ ಪ್ರಾಂಪ್ಟ್‌ನಲ್ಲಿ ನೆಟ್‌ಸ್ಟಾಟ್ ಅಂತ ಟೈಪ್ ಮಾಡಿ, ಜಾಗ ಬಿಟ್ಟು ಮೈನಸ್ ಇ ಹಾಕಿ ಎಂಟರ್ ಒತ್ತಿ. ಎರರ್ಸ್ ಅನ್ನುವ ಸಾಲು 0 ಇರಬೇಕು. ಒಂದು ದೊಡ್ಡ ಫೈಲ್ ಇಳಿಸುತ್ತಾ ಮತ್ತೆ ನೋಡಿ. ಅದು ಏರುತ್ತಾ ಹೋದರೆ ಮೊದಲ ಅನುಮಾನ ಕೇಬಲ್ ಮೇಲೆ ಇರಲಿ.

ಕೇಬಲ್ ಸರಿ ಇದ್ದೂ ನಿಧಾನ ಇದ್ದರೆ ಡ್ಯುಪ್ಲೆಕ್ಸ್ ನೋಡಬೇಕು. ಫುಲ್ ಅಂದರೆ ಕಳಿಸುವುದು, ಪಡೆಯುವುದು ಎರಡೂ ಒಟ್ಟಿಗೆ; ಹಾಫ್ ಅಂದರೆ ಒಂದು ಸಲಕ್ಕೆ ಒಂದೇ. ಹಳೇ ಕಂಪ್ಯೂಟರ್‌ಗಳಲ್ಲಿ ಹಿಂದೆ ಯಾರೋ ರಿಪೇರಿಗೆ ಬಂದವರು ‘100 ಫುಲ್’ ಅಂತ ಕೈಯಾರೆ ಸೆಟ್ ಮಾಡಿ ಹೋಗಿರುತ್ತಾರೆ. ರೂಟರ್ ಮಾತ್ರ ಆಟೋದಲ್ಲಿ ಇರುತ್ತದೆ. ಈ ಕಡೆಯಿಂದ ಉತ್ತರ ಬರದ ಕಾರಣ ರೂಟರ್ ಹಾಫ್ ಡ್ಯುಪ್ಲೆಕ್ಸ್‌ಗೆ ಇಳಿಯುತ್ತದೆ. ಆಗ ಪಿಂಗ್ (ಸಂಪರ್ಕ ಇದೆಯಾ ಅಂತ ನೋಡುವ ಸಣ್ಣ ಪರೀಕ್ಷೆ) ಚೆನ್ನಾಗೇ ಬರುತ್ತದೆ, ಸಣ್ಣ ಪೇಜ್ ತೆರೆಯುತ್ತದೆ, ದೊಡ್ಡ ಫೈಲ್ ಮಾತ್ರ ತೆವಳುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲಿ ನೆಟ್‌ವರ್ಕ್ ಕಾರ್ಡ್ ತೆರೆದು, ಅಡ್ವಾನ್ಸ್‌ಡ್ ಟ್ಯಾಬ್‌ನಲ್ಲಿ ಸ್ಪೀಡ್ ಮತ್ತು ಡ್ಯುಪ್ಲೆಕ್ಸ್‌ನ್ನು ಆಟೋ ನೆಗೋಶಿಯೇಶನ್‌ಗೆ ಹಾಕಿ. ಅಲ್ಲೇ ಗ್ರೀನ್ ಈಥರ್ನೆಟ್ ಅನ್ನುವ ಕರೆಂಟ್ ಉಳಿಸುವ ಸೆಟ್ಟಿಂಗ್ ಇದ್ದರೆ ಅದನ್ನೂ ಆಫ್ ಮಾಡಿ ನೋಡಿ.

ಎಲ್ಲ ಸರಿಯಾಗಿ 94ಕ್ಕೆ ನಿಂತುಬಿಟ್ಟರೆ, ಆ ಕಂಪ್ಯೂಟರ್‌ನ ಪೋರ್ಟೇ 100ರದ್ದು ಇರಬಹುದು. ರೂಟರ್‌ನ ಪೋರ್ಟ್ ಕೂಡ ಹಾಗಿರಬಹುದು, ಎರಡನ್ನೂ ನೋಡಿ. ಗಿಗಾಬಿಟ್‌ಗೆ (1000 ಎಂಬಿಪಿಎಸ್) ಎಂಟೂ ತಂತಿ ಬೇಕು. ಒಂದು ತುಂಡಾದರೂ ಬಹಳ ಸಲ ಲಿಂಕ್ 100ಕ್ಕೆ ಇಳಿಯುತ್ತದೆ. ಕಂಪ್ಯೂಟರ್ ಪೋರ್ಟೇ ಹಳೇದಾಗಿದ್ದರೆ ಮದರ್‌ಬೋರ್ಡ್ ಬೇಡ. ಬೋರ್ಡ್ ಮೇಲೆ ಕಾರ್ಡ್ ಕೂರಿಸುವ ಚಿಕ್ಕ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಖಾಲಿ ಇದ್ದರೆ ಒಂದು ಗಿಗಾಬಿಟ್ ಕಾರ್ಡ್ ತಂದು ಕೂರಿಸಿ. ನಿಮ್ಮ 150 ಪೂರ್ತಿ ಬರುತ್ತದೆ. ಅಪ್ಪನ ಕೆಲಸ ಮೇಲ್, ಬ್ಯಾಂಕು, ವಿಡಿಯೋ ಇಷ್ಟೇ ಆದರೆ ನಿಜ ಹೇಳುತ್ತೇನೆ, 94 ಧಾರಾಳವಾಗಿ ಸಾಕು, ಆ ದುಡ್ಡಿಗೆ ಹಾರ್ಡ್ ಡಿಸ್ಕ್ ಬದಲು ವೇಗದ ಎಸ್‌ಎಸ್‌ಡಿ ಹಾಕಿಸಿ. ಹಳೇ ಹಾರ್ಡ್ ಡಿಸ್ಕ್ ನಿಧಾನವನ್ನೇ ಎಷ್ಟೋ ಜನ ನೆಟ್ ನಿಧಾನ ಅಂದುಕೊಳ್ಳುತ್ತಾರೆ.

ಸ್ಟೇಟಸ್‌ನಲ್ಲಿ ಎಷ್ಟು ಕಂಡಿತು, ಎರಡೂ ತುದಿಯ ಕನೆಕ್ಟರ್‌ನಲ್ಲಿ ಬಣ್ಣ ಯಾವ ಕ್ರಮದಲ್ಲಿದೆ ಅಂತ ಇಲ್ಲೇ ಬರೆಯಿರಿ. ನೋಡಿ ಮುಂದಿನದು ಹೇಳುತ್ತೇನೆ.