ಗಿಟಾರು ಮತ್ತು ವೇದಿಕೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ದೊಡ್ಡ ದೊಡ್ಡ ಕಲಾವಿದರ ಕೈಯಲ್ಲಿ ಫೆಂಡರ್, ಗಿಬ್ಸನ್ ಗಿಟಾರುಗಳೇ ಹೆಚ್ಚು. ನಾದ ಅಷ್ಟು ಮೇಲೋ, ಕಂಪನಿಯವರು ದುಡ್ಡು ಕೊಟ್ಟು ನುಡಿಸುತ್ತಾರೋ?
– ದಾವಣಗೆರೆಯಿಂದ ಒಬ್ಬರು

ಉತ್ತರ: ದುಡ್ಡಿನ ಮಾತು ಸುಳ್ಳಲ್ಲ. ಹೆಸರಾದವರಿಗೆ ಗಿಟಾರು ಪುಕ್ಕಟೆಯಾಗಿಯೋ ರಿಯಾಯಿತಿಯಲ್ಲೋ ಸಿಗುತ್ತದೆ, ಅವರ ಹೆಸರಿನ ಮಾದರಿಗೆ ರಾಯಲ್ಟಿಯೂ ಉಂಟು. 1952ರ ಗಿಬ್ಸನ್ ಲೆಸ್ ಪಾಲ್ ಮಾದರಿಗೆ ಇಟ್ಟದ್ದೇ ವಾದಕನೊಬ್ಬನ ಹೆಸರು. ಆದರೆ ದುಡ್ಡೊಂದೇ ಕಾರಣವಲ್ಲ. ಬ್ರಿಟನ್ನಿನ ಹೆಸರಾಂತ ಗಿಟಾರು ವಾದಕ ಎರಿಕ್ ಕ್ಲಾಪ್ಟನ್ 1970ರಲ್ಲಿ ನ್ಯಾಶ್ವಿಲ್‌ನ ಅಂಗಡಿಯೊಂದರಲ್ಲಿ ಫೆಂಡರ್ ಕಂಪನಿಯ ಹಳೆಯ ಸ್ಟ್ರಾಟೊಕಾಸ್ಟರ್‌ಗಳನ್ನು ಸ್ವಂತ ದುಡ್ಡಿಗೇ ಕೊಂಡು, ಮೂರರ ಒಳ್ಳೆಯ ಭಾಗಗಳನ್ನು ಕೂಡಿಸಿ ಒಂದು ಗಿಟಾರು ಮಾಡಿಕೊಂಡು ವರ್ಷಗಟ್ಟಲೆ ನುಡಿಸಿದರು.

ಹಾಗೆ ಕೂಡಿಸಲು ಬಂದದ್ದರಲ್ಲೇ ಉತ್ತರವಿದೆ. 1954ರಲ್ಲಿ ಬಂದ ಆ ಮಾದರಿಯ ನೆಕ್ (ಬೆರಳೊತ್ತುವ ಉದ್ದನೆಯ ಕತ್ತು) ನಿಂತಿರುವುದು ನಾಲ್ಕು ಸ್ಕ್ರೂ ಮೇಲೆ. ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಸುರುಳಿ), ಸ್ವಿಚ್ಚು, ವಾಲ್ಯೂಮ್ ಎಲ್ಲ ಒಂದೇ ಫಲಕಕ್ಕೆ ಜೋಡಿಸಿವೆ. ಊರೂರು ಸುತ್ತುವವರಿಗೆ ಕೆಟ್ಟ ಭಾಗ ಬಿಚ್ಚಿ ಬೇರೆಯದನ್ನು ಕೂರಿಸುವ ಅನುಕೂಲ ನಾದದಷ್ಟೇ ಮುಖ್ಯ. ಲೆಸ್ ಪಾಲ್‌ಗೆ ಆ ಭಾಗ್ಯವಿಲ್ಲ. ನೆಕ್ಕನ್ನು ಅಂಟಿಸಿರುತ್ತಾರೆ, ತಂತಿ ಬಿಗಿಸುವ ಬಿರಟೆಗಳಿರುವ ತಲೆ ಸುಮಾರು 17 ಡಿಗ್ರಿ ಹಿಂದಕ್ಕೆ ವಾಲಿರುತ್ತದೆ. ಸ್ಟ್ಯಾಂಡಿನಿಂದ ಬಿದ್ದರೆ ನಟ್‌ನ (ನೆಕ್ಕಿನ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಹಿಂದೆಯೇ ಬಿರುಕು. ಆದರೂ ಅದನ್ನು ಬಿಡದಿರುವುದು ಹಂಬಕರ್ ಪಿಕಪ್‌ಗಾಗಿ. ಅದರ ಎರಡು ಸುರುಳಿಗಳು ಹಿಡಿಯುವ ಗುಂಯ್‌ಗುಡುವಿಕೆ ಒಂದನ್ನೊಂದು ಅಳಿಸಿಹಾಕುತ್ತದೆ. ಆಂಪ್ಲಿಫೈಯರ್ ಎಷ್ಟು ಏರಿಸಿದರೂ ತಂತಿಯ ದನಿಯೇ ಮುಂದೆ.

ಕೈಯ ಲೆಕ್ಕವೂ ಇದೆ. ನಟ್‌ನಿಂದ ಬ್ರಿಡ್ಜ್‌ವರೆಗೆ (ಒಡಲಿನ ಮೇಲೆ ತಂತಿ ಕೂರುವ ಭಾಗ) ಸ್ಟ್ರಾಟೊಕಾಸ್ಟರ್ ಅಥವಾ ಸ್ಟ್ರಾಟ್‌ನಲ್ಲಿ 25.5 ಇಂಚು, ಲೆಸ್ ಪಾಲ್‌ನಲ್ಲಿ ಸುಮಾರು 24.75. ಅದೇ ತಂತಿ, ಅದೇ ಶ್ರುತಿಯಾದರೆ ಎರಡನೆಯದರಲ್ಲಿ ಬಿಗಿ ಸುಮಾರು ಶೇ. 6 ಕಡಿಮೆ. ಒಂದಕ್ಕೆ ಪಳಗಿದ ಬೆರಳು ಇನ್ನೊಂದರಲ್ಲಿ ತಂತಿ ಎಳೆದರೆ ಸ್ವರ ತಪ್ಪುತ್ತದೆ. ವೇದಿಕೆಯ ಮೇಲೆ ಹಲವರು ಆ ಪ್ರಯೋಗಕ್ಕೆ ಇಳಿಯುವುದಿಲ್ಲ.

ಪ್ರಶ್ನೆ: ನನ್ನ ಸ್ಟ್ರಾಟ್ ಮಾದರಿಯ ಗಿಟಾರು ಮನೆಯಲ್ಲಿ ಸುಮ್ಮನಿರುತ್ತದೆ, ರಸಮಂಜರಿ ಕಾರ್ಯಕ್ರಮದಲ್ಲಿ ಗುಂಯ್ ಎನ್ನುತ್ತದೆ. ಬ್ರ್ಯಾಂಡ್ ಬದಲಿಸಲೇ?
– ಹಾಸನದಿಂದ ಒಬ್ಬರು

ಉತ್ತರ: ಬೇಡ. ಒಂಟಿ ಸುರುಳಿಯ ಪಿಕಪ್ ಲೈಟಿನ ಡಿಮ್ಮರ್, ಟ್ರಾನ್ಸ್‌ಫಾರ್ಮರ್‌ಗಳ ಸದ್ದು ಹಿಡಿಯುತ್ತದೆ. ಅವುಗಳಿಂದ ದೂರ ನಿಂತು, ಸದ್ದು ಇಳಿಯುವ ಕೋನ ಸಿಗುವವರೆಗೆ ನಿಧಾನವಾಗಿ ತಿರುಗಿ. ಸ್ವಿಚ್ಚನ್ನು 2 ಅಥವಾ 4ನೇ ಸ್ಥಾನಕ್ಕಿಡಿ, ಆಗ ನಡುವಿನ ಪಿಕಪ್ ಜೊತೆ ಪಕ್ಕದ್ದೂ ಸೇರುತ್ತದೆ. ನಡುವಿನ ಪಿಕಪ್ ಉಲ್ಟಾ ಸುತ್ತಿದ್ದರೆ (ಇತ್ತೀಚಿನ ಹಲವು ಗಿಟಾರುಗಳಲ್ಲಿ ಹಾಗೇ ಇರುತ್ತದೆ) ಗುಂಯ್ ಅಡಗುತ್ತದೆ. ತಂತಿ ಮುಟ್ಟಿದರೂ ಸದ್ದು ಇಳಿಯದೆ, ಕೇಬಲ್ ಚುಚ್ಚುವ ಜಾಕಿನ ಲೋಹ ಮುಟ್ಟಿದಾಗ ಮಾತ್ರ ಇಳಿದರೆ ಬ್ರಿಡ್ಜ್‌ಗೆ ಹೋಗುವ ಅರ್ತ್ ವೈರು ಕಡಿದಿದೆ. ಬೆಸುಗೆ ಹಾಕಿಸಿ, ಸಣ್ಣ ಕೆಲಸ. ಮೈಕು ತಾಗಿದಾಗ ತುಟಿ ಜುಮ್ಮೆಂದರೆ ಮಾತ್ರ ನುಡಿಸುವುದನ್ನು ತಕ್ಷಣ ನಿಲ್ಲಿಸಿ. ಅದು ವೇದಿಕೆಯ ಅರ್ತಿಂಗ್ ದೋಷ, ಪ್ರಾಣಕ್ಕೆ ಅಪಾಯ.

ಪ್ರಶ್ನೆ: ವಿದೇಶಿ ಗಿಟಾರಿಗೆ ನಮ್ಮ ಬೀಟೆ ಮರ ಬಳಸುತ್ತಾರಂತೆ, ಹೌದೇ?
– ಸಕಲೇಶಪುರದಿಂದ ಒಬ್ಬರು

ಉತ್ತರ: ಹೌದು. ಬ್ರೆಜಿಲ್‌ನ ರೋಸ್‌ವುಡ್ ದುರ್ಲಭವಾದ ಮೇಲೆ, ಅದೇ ಜಾತಿಯ, ಪಶ್ಚಿಮ ಘಟ್ಟದಲ್ಲೂ ಬೆಳೆಯುವ ಬೀಟೆಗೆ ಬೇಡಿಕೆ ಬಂತು. ಫ್ರೆಟ್ (ನೆಕ್ಕಿನ ಮೇಲಿನ ಲೋಹದ ಅಡ್ಡಗೆರೆ) ಕೂರಿಸುವ ಪಟ್ಟಿಗೆ, ಅಕೌಸ್ಟಿಕ್ ಗಿಟಾರಿನ ಬೆನ್ನಿಗೆ, ಪಕ್ಕಗಳಿಗೆ ಅದನ್ನು ಬಳಸುತ್ತಾರೆ. 2017ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಪರವಾನಗಿಯ ಬಿಗಿ ಬಿತ್ತು. 2019ರ ಕೊನೆಗೆ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು.