ಮಾಡರೇಟರ್ ಮೇಹೆಮ್: ಸಮಯ ಸಾಲದೆ ಕೆಲಸ ಹೋಗುತ್ತಿದ್ದರೆ

ಮಾಡರೇಟರ್ ಮೇಹೆಮ್ ಒಂದು ಬ್ರೌಸರ್ ಆಟ; ಆಡುವವರು ಜಾಲತಾಣವೊಂದರ ಮಾಡರೇಟರ್ ಆಗಿ, ಬಳಕೆದಾರರ ಪೋಸ್ಟುಗಳನ್ನು ಉಳಿಸಬೇಕೋ ತೆಗೆಯಬೇಕೋ ಎಂದು ಗಡುವಿನೊಳಗೆ ತೀರ್ಮಾನಿಸಬೇಕು. ಈ ಆಟದ ಆರಂಭದ ಸುತ್ತುಗಳಲ್ಲೇ ನಿಮ್ಮ ವಿದ್ಯಾರ್ಥಿಗಳು ಮಾಡರೇಟರ್ ಕೆಲಸ ಕಳೆದುಕೊಳ್ಳುತ್ತಿರುವುದಕ್ಕೆ ಕಾರಣ, ಬಹುಶಃ, ಪ್ರತಿ ಪೋಸ್ಟಿಗೂ ಹೆಚ್ಚಿನ ವಿವರ ತೆರೆದು ಓದುತ್ತಿರುವುದು. ಗಡಿಯಾರ ಯಾರಿಗೂ ಕಾಯುವುದಿಲ್ಲ.

ಮೊದಲು ನಿಯಮಗಳನ್ನು ಗಟ್ಟಿಯಾಗಿ ಓದಿಸಿ; ಆಟ ಸಾಗಿದಂತೆ ಅವು ಬದಲಾಗುತ್ತವೆ. ಆಮೇಲೆ ಕಣ್ಣಿಗೆ ರಾಚುವ ಬೆದರಿಕೆ, ಸ್ಪ್ಯಾಮ್ ಇದ್ದರೆ ಸೀದಾ ಎಡಕ್ಕೆ ಸರಿಸಿ ತೆಗೆಯಲಿ. ನಿರುಪದ್ರವಿ ಪೋಸ್ಟನ್ನು ಬಲಕ್ಕೆ ಸರಿಸಿ ಉಳಿಸಲಿ. ವಿವರ ತೆರೆಯುವುದು ವ್ಯಂಗ್ಯವೋ ನಿಜವೋ ಎಂಬಂಥ ಅನುಮಾನ ಬಂದಾಗ ಮಾತ್ರ. ಮೇಲ್ಮನವಿ ಬಂದರೆ ಹಿಂದಿನ ತೀರ್ಪಿಗೇ ಜೋತುಬೀಳಬೇಕಿಲ್ಲ, ವಿವರ ನೋಡಿ ಬದಲಿಸಬಹುದು.

ಲ್ಯಾಬ್‌ನ ಕಂಪ್ಯೂಟರಿಗಿಂತ ಮೊಬೈಲ್ ಬ್ರೌಸರಿನಲ್ಲಿ ಆಡಿಸಿ, ಬೆರಳಿನಿಂದ ಸರಿಸುವುದಕ್ಕೆಂದೇ ಮಾಡಿದ ಆಟವದು. ಆದರೆ ಆಟದ ಫಲಿತಾಂಶ ನೋಡಿ ಮಾರ್ಕ್ಸ್ ಕೊಡಬೇಡಿ. ಎಲ್ಲರನ್ನೂ ಮೆಚ್ಚಿಸಲು ಅದರಲ್ಲಿ ಆಗುವುದೇ ಇಲ್ಲ.